ಎಪ್ಪತ್ತಾರನೆಯ ಫಲಕ

2017ರ ಸೆಪ್ಟೆಂಬರ್ 12, ಮಂಗಳವಾರ ಬೆಳಿಗ್ಗೆ ಡೊಂಬಿವಲಿ ಪೂರ್ವದ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಅರವತ್ತಾರು ವರ್ಷವಾಗಿತ್ತು. ಎರಡು ದಿನ ಬಿಟ್ಟು ಮುಂಬಯಿಯ ನಮ್ಮ ಕನ್ನಡ ಪತ್ರಿಕೆಯ ನಿಧನ ಕಾಲಮ್ಮಿನಲ್ಲಿ ನಾಲ್ಕು ಸಾಲು ಬಂತು: ಹುಟ್ಟೂರು ಕಾರ್ಕಳದ ಹತ್ತಿರ, ಪತ್ರಿಕೆಯ ಪ್ರೊಸೆಸ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸೇವೆ, ಪತ್ನಿ, ಒಬ್ಬಳು ಮಗಳು. ಆ ನಾಲ್ಕು ಸಾಲು ಬರೆದವನು ನಾನು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪತ್ರಿಕೆ ಬಿಟ್ಟ ಮೇಲೆ ಐದು ವರ್ಷ ಅವರು ಮಾಡಿದ ಇನ್ನೊಂದು ಕೆಲಸದ ಉಲ್ಲೇಖ ಇರಲಿಲ್ಲ. ಮನೆಯವರು ಬೇಡ ಅಂದಿದ್ದರು. ಈಗ ಅವರ ಪತ್ನಿ ಒಪ್ಪಿದ್ದಾರೆ, ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ಪ್ರೊಸೆಸ್ ವಿಭಾಗ ಅಂದರೇನು ಎಂದು ಇಂದಿನವರಿಗೆ ಹೇಳಬೇಕಾಗುತ್ತದೆ. ಜೋಡಿಸಿ ಮುಗಿಸಿದ ಪುಟದ ಫೋಟೊ ತೆಗೆದು, ನೆಗೆಟಿವ್ ಮಾಡಿ, ಅದರಿಂದ ಅಚ್ಚಿನ ಪ್ಲೇಟು ತಯಾರಿಸುವ ಕೋಣೆ ಅದು. ಒಳಗೆ ಒಂದು ಕ್ಯಾಮೆರಾ; ಮಂಚದಷ್ಟು ಉದ್ದ. ನೆಗೆಟಿವ್‌ಗೆ ಎರಡು ಮುಖ. ಅವಸರದಲ್ಲಿ ಒಂದು ಚಿತ್ರದ ಫಿಲ್ಮನ್ನು ಮಗುಚಿ ಅಂಟಿಸಿದರೆ ಮರುದಿನದ ಪತ್ರಿಕೆಯಲ್ಲಿ ಎಡ ಬಲವಾಗಿ, ಬಲ ಎಡವಾಗಿ ಅಚ್ಚಾಗುತ್ತದೆ. ಅಕ್ಷರ ತಿರುಗಿದ್ದರೆ ಯಾರಿಗಾದರೂ ಕಾಣುತ್ತದೆ. ಮನುಷ್ಯರು ತಿರುಗಿದ್ದರೆ ಕಾಣುವುದಿಲ್ಲ. ಅವರಿಗೆ ಕಾಣುತ್ತಿತ್ತು. ಗಂಡಸರ ಅಂಗಿಯ ಜೇಬು ಯಾವ ಕಡೆ, ಹೆಂಗಸರ ಸೆರಗು ಯಾವ ಹೆಗಲಿಗೆ, ಬಸ್ಸಿನಲ್ಲಿ ಡ್ರೈವರ್ ಎಲ್ಲಿ ಕೂತಿದ್ದಾನೆ ಎಂದು ಮೊದಲು ನೋಡುತ್ತಿದ್ದರು. ಮುಖ ನೋಡುವುದು ಆಮೇಲೆ.

ಕಲ್ಯಾಣದ ಒಂದು ಕನ್ನಡ ಸಂಘದ ವಾರ್ಷಿಕೋತ್ಸವದ ಫೋಟೊ ಹಿಡಿದುಕೊಂಡು ಒಮ್ಮೆ ಅವರು ನನ್ನ ಮೇಜಿಗೆ ಬಂದರು.

"ಉಪಸಂಪಾದಕ್ರೆ, ನಿಮ್ಮ ಮುಖ್ಯ ಅತಿಥಿಗಳು ಎಡಗೈಯಲ್ಲಿ ದೀಪ ಹಚ್ಚುತ್ತಿದ್ದಾರಲ್ಲ. ಊಟ ಮಾಡುದೂ ಎಡಗೈಯಲ್ಲೋ?"

ನಾನು ನೋಡಿದೆ. ಚಿತ್ರ ತಿರುಗಿತ್ತು. ನನ್ನನ್ನು ಅವರು ಯಾವತ್ತೂ 'ಉಪಸಂಪಾದಕ್ರೆ' ಎಂದೇ ಕರೆದದ್ದು. 'ಉಪ'ದ ಮೇಲೆ ಸ್ವಲ್ಪ ಒತ್ತು ಕೊಟ್ಟು.

ಕೈಗೆ ಬಂದ ಯಾವುದೇ ಕಾಗದವನ್ನು ಬೆಳಕಿಗೆ ಹಿಡಿದು ನೋಡುವುದು ಅವರ ಅಭ್ಯಾಸವಾಗಿತ್ತು. ಮದುವೆಯ ಆಮಂತ್ರಣ, ಕರೆಂಟ್ ಬಿಲ್ಲು, ಲೋಕಲ್‌ನ ಪಾಸು, ಏನೇ ಇರಲಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಕಡೆ ಎತ್ತಿ, ಆಮೇಲೆ ಓದುವುದು. ಮಗಳ ಹತ್ತನೇ ತರಗತಿಯ ಅಂಕಪಟ್ಟಿಯನ್ನೂ ಹಾಗೆಯೇ ನೋಡಿದರಂತೆ. "ಅಪ್ಪನಿಗೆ ಮಾರ್ಕು ಹಿಂದಿನಿಂದ ಕಾಣಿಸ್ತದಾ?" ಎಂದು ಅವಳು ಕೇಳಿದ್ದನ್ನು ಅವರೇ ಹೇಳಿ ನಗುತ್ತಿದ್ದರು.

2004ರಲ್ಲಿ ಪುಟಗಳು ಕಂಪ್ಯೂಟರಿನಿಂದ ನೇರ ಪ್ಲೇಟಿಗೆ ಹೋಗತೊಡಗಿದವು. ಪ್ರೊಸೆಸ್ ಕೋಣೆ ಮುಚ್ಚಿತು. ಗುಜರಿಯವರು ಕ್ಯಾಮೆರಾವನ್ನು ಬಿಚ್ಚಿ ಮೂರು ಕಂತಿನಲ್ಲಿ ಒಯ್ದರು. ಮರುವರ್ಷ ನವಿ ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಫೋಟೊಗ್ರಾಫರ್ ಬೇಕೆಂಬ ಸಣ್ಣ ಜಾಹೀರಾತು ಒಂದು ಮರಾಠಿ ಪತ್ರಿಕೆಯಲ್ಲಿ ಬಂತು. ಅವರು ಅರ್ಜಿ ಹಾಕಿದರು. ಸಂದರ್ಶನ ಮಾಡಿದವರು ಆ ವಿಭಾಗದ ಪ್ರಾಧ್ಯಾಪಕಿ. ಈಕೆಯ ತಂದೆತಾಯಿ ಉಡುಪಿ ಕಡೆಯವರು. ಈಕೆ ಹುಟ್ಟಿ ಬೆಳೆದದ್ದು ಥಾಣೆಯ ವರ್ತಕ ನಗರದಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಹಿಂದಿಯಲ್ಲಿ ಬರುತ್ತದೆ.

"ನಾನು ಕೇಳಿದೆ, ಅಂಕಲ್, ಡೆಡ್ ಬಾಡಿ ಸೆ ಡರ್ ತೋ ನಹೀ ಲಗ್ತಾ?" ಎಂದು ಪ್ರಾಧ್ಯಾಪಕಿ ನನಗೆ ಹೇಳಿದರು. "ಅದಕ್ಕೆ ಅವರು ಹೇಳಿದ್ರು, ಅಲುಗಾಡದ್ದರ ಫೋಟೊ ಮಾತ್ರ ನಾನು ಇಪ್ಪತ್ತೆಂಟು ವರ್ಷ ತೆಗ್ದದ್ದು ಮೇಡಂ. ಅಲುಗಾಡಿದ್ರೆ ನಂಗೆ ಹೆದರಿಕೆ. ಬಸ್, ಉಸೀ ವಕ್ತ್ ಸೆಲೆಕ್ಟ್."

ಕೆಲಸ ವರ್ಷದಿಂದ ವರ್ಷಕ್ಕೆ ನವೀಕರಿಸುವ ಗುತ್ತಿಗೆಯದು. ಪ್ರತಿ ಏಪ್ರಿಲ್‌ನಲ್ಲಿ ಡೀನ್ ಸಹಿ ಹಾಕಬೇಕು.

ಮನೆಯಿದ್ದ ಕಟ್ಟಡದಲ್ಲಿ ಪತ್ನಿ ಹೇಳಿದ್ದು, "ಕಾಲೇಜಿನ ಲ್ಯಾಬಿನಲ್ಲಿ ಕೆಲಸ" ಎಂದು. ಹೆಣ ಕೊಯ್ಯುವ ಡಿಸೆಕ್ಷನ್ ಹಾಲ್ ಎಂದು ಹೇಳಿದ್ದರೆ ಹಬ್ಬಕ್ಕೆ ಮನೆಗೆ ಯಾರೂ ಬರುತ್ತಿರಲಿಲ್ಲ ಎಂಬುದು ಆಕೆಯ ಲೆಕ್ಕ. ಗಂಡ ಕಾಲೇಜಿನಲ್ಲಿ ಒಮ್ಮೆ ಸ್ನಾನ ಮಾಡಿ ಬರುತ್ತಿದ್ದರು, ಮನೆಯಲ್ಲಿ ಮತ್ತೊಮ್ಮೆ. ಎರಡನೆಯದಕ್ಕೆ ಬೇರೆ ಬಕೆಟ್, ಬೇರೆ ಚೊಂಬು. ಮೂರನೇ ಮಾಳಿಗೆಯ ಅಜ್ಜಿಯೊಬ್ಬರು 'ಲ್ಯಾಬ್' ಎಂಬುದನ್ನು ನಂಬಿ ಒಂದು ಬೆಳಿಗ್ಗೆ ಸೀಸೆಯಲ್ಲಿ ಮೂತ್ರ ಕಳಿಸಿದರು, ಸಕ್ಕರೆ ನೋಡಲು. ಅವರು ಏನೂ ಹೇಳದೆ ಅದನ್ನು ಸ್ಟೇಷನ್ನಿನ ಬಳಿಯ ನಿಜವಾದ ಲ್ಯಾಬಿಗೆ ಕೊಟ್ಟು, ಸಂಜೆ ರಿಪೋರ್ಟ್ ತಂದುಕೊಟ್ಟರು. ಅಜ್ಜಿ ಬದುಕಿರುವವರೆಗೂ ಮೂರು ತಿಂಗಳಿಗೊಮ್ಮೆ ಸೀಸೆ ಬರುತ್ತಿತ್ತು.

"ಲ್ಯಾಬ್ ಅಂದ್ರೆ ಲ್ಯಾಬೇ ಅಲ್ವಾ?" ಎಂದರು ಪತ್ನಿ ನನ್ನೊಡನೆ. "ಸುಳ್ಳು ಎಂತದ್ದು ಹೇಳಿದ್ದು ನಾನು?"

2009ರ ಡಿಸೆಂಬರ್‌ನಲ್ಲಿ ಥಾಣೆ ಸ್ಟೇಷನ್ನಿನಲ್ಲಿ, ನವಿ ಮುಂಬಯಿಗೆ ಹೋಗುವ ಗಾಡಿ ಹೊರಡುವ ಕೊನೆಯ ಪ್ಲಾಟ್‌ಫಾರ್ಮಿನಲ್ಲಿ ಅವರು ಸಿಕ್ಕರು. ಕೈಯಲ್ಲಿ ಎರಡು ಪ್ಲಾಸ್ಟಿಕ್ ಚೀಲ. ಎರಡರಲ್ಲೂ ತಂಪು ಪಾನೀಯ ಕುಡಿಯುವ ಸ್ಟ್ರಾಗಳ ಕಟ್ಟು. ಹೋಟೆಲ್‌ಗಳಿಗೆ ಸಾಮಾನು ಕೊಡುವ ನೌಪಾಡಾದ ಅಂಗಡಿಯಿಂದ ತಂದದ್ದು.

"ಜ್ಯೂಸ್ ಸೆಂಟರ್ ಹಾಕಿದ್ರಾ?" ಎಂದೆ.

"ಇಲ್ಲ ಮಾರಾಯ್ರೆ. ಇದು ಹೆಣಕ್ಕೆ."

ಪಕ್ಕದಲ್ಲಿದ್ದ ಒಬ್ಬಾತ ಎರಡು ಹೆಜ್ಜೆ ಸರಿದು ನಿಂತ. ಕನ್ನಡದವನಿರಬೇಕು.

ಗಾಡಿಯಲ್ಲಿ ಅವರು ವಿವರಿಸಿದರು. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಬರುವುದು ದೇಹದ ಅಡ್ಡಸೀಳಿನ ಚಿತ್ರ. ಕ್ಯಾರೆಟ್ ಅಡ್ಡ ಹೆಚ್ಚಿ ಬಿಲ್ಲೆಯ ಮುಖ ನೋಡಿದ ಹಾಗೆ. ಆದರೆ ಅದು ಕಪ್ಪು ಬಿಳುಪು, ಮಸುಕು. ಕಲಿಯುವ ಮಕ್ಕಳಿಗೆ ಆ ಬೂದು ಕಲೆಗಳಲ್ಲಿ ಯಾವುದು ಏನು ಎಂದು ತಿಳಿಯುವುದಿಲ್ಲ. ಅದಕ್ಕೆ ಪ್ರಾಧ್ಯಾಪಕಿ ಒಂದು ಯೋಜನೆ ಹಾಕಿದ್ದರು: ದಾನವಾಗಿ ಬಂದ ಒಂದು ದೇಹವನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಕಾಲಿನಿಂದ ತಲೆಯವರೆಗೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದು, ಪ್ರತಿಯೊಂದರ ಬಣ್ಣದ ಫೋಟೊ ತೆಗೆಯುವುದು. ನರದ ಎಳೆಯೂ ಕಾಣುವಷ್ಟು ಸೂಕ್ಷ್ಮವಾಗಿ. ವಿದೇಶದಲ್ಲಿ ಇಂಥ ಕೆಲಸ ಆಗಿತ್ತು. ಇಲ್ಲಿ ಸ್ವಂತದ್ದೊಂದು ಬೇಕು ಎಂಬುದು ಪ್ರಾಧ್ಯಾಪಕಿಯ ಆಸೆ.

"ಸ್ಟ್ರಾ ಯಾಕೆ?"

"ರಿಜಿಸ್ಟರ್ ಮಾರ್ಕು!" ಎಂದರು. ಪ್ರಶ್ನೆಯೇ ಬೇಡವಾಗಿತ್ತು ಎಂಬ ಧ್ವನಿ.

ಬಣ್ಣದ ಅಚ್ಚಿನಲ್ಲಿ ನಾಲ್ಕು ಬಣ್ಣದ ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಸರಿಯಾಗಿ ಕೂರಲು ಮೂಲೆಗಳಲ್ಲಿ ಗುರುತು ಹಾಕುತ್ತಾರೆ. ಅದನ್ನೇ ಅವರು ದೇಹಕ್ಕೆ ಹಾಕಲು ಹೊರಟಿದ್ದರು. ಸ್ಟ್ರಾಗಳೊಳಗೆ ಬಣ್ಣದ ಜಿಲೆಟಿನ್ ತುಂಬಿ, ಒಂದಕ್ಕೊಂದು ಸೇರಿಸಿ, ದೇಹದ ಪಕ್ಕದಲ್ಲಿ ತಲೆಯಿಂದ ಕಾಲಿನವರೆಗೆ ಉದ್ದಕ್ಕೂ ಹೆಪ್ಪುಗಟ್ಟಿಸುವುದು. ಬಲಬದಿಗೆ ಎರಡು, ಎಡಬದಿಗೆ ಒಂದು. ಆಗ ಯಾವ ಬಿಲ್ಲೆ ಕೊಯ್ದರೂ ಅಂಚಿನಲ್ಲಿ ಮೂರು ಬಣ್ಣದ ಚುಕ್ಕಿ ಇರುತ್ತದೆ. ಎರಡು ಚುಕ್ಕಿ ಇರುವ ಕಡೆ ಬಲ.

ಕೊಯ್ಯುವುದನ್ನು ಅವರು ಕಲಿತದ್ದು ತಲೋಜಾದಲ್ಲಿ, ಮೀನು ಹೆಪ್ಪುಗಟ್ಟಿಸಿ ರಫ್ತು ಮಾಡುವ ಘಟಕದಲ್ಲಿ. ಅಲ್ಲಿನ ಸೂಪರ್‌ವೈಸರ್ ಅವರ ಊರಿನವರು. ಎರಡು ಶನಿವಾರ ಅಲ್ಲಿ ನಿಂತು, ಬ್ಯಾಂಡ್‌ಸಾ ಎಂಬ ಗರಗಸ ಯಂತ್ರದಲ್ಲಿ ಮೀನಿನ ಗಡ್ಡೆಗಳನ್ನು ಕೊಯ್ಯುವುದನ್ನು ನೋಡಿದರು. ಗಡ್ಡೆಯನ್ನು ತಳ್ಳಬಾರದು, ಬ್ಲೇಡು ತಾನೇ ಎಳೆದುಕೊಳ್ಳಲು ಬಿಡಬೇಕು. ತಳ್ಳಿದರೆ ಮುಖ ಕಿತ್ತುಬರುತ್ತದೆ. ಈ ಪಾಠ ಎಲ್ಲಿಂದ ಬಂತೆಂದು ಕಾಲೇಜಿನಲ್ಲಿ ಅವರು ಮುಚ್ಚಿಡಲಿಲ್ಲ. ಕೆಲವು ವೈದ್ಯರಿಗೆ ಅದು ಹಿಡಿಸಲಿಲ್ಲ ಎಂದು ಪ್ರಾಧ್ಯಾಪಕಿ ಹೇಳಿದರು.

ದೇಹ ಒಬ್ಬ ಹೆಂಗಸಿನದು. ಥಾಣೆಯವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಅವರ ಹೆಸರನ್ನು ನಾನು ಒಮ್ಮೆ ಕೇಳಿದೆ. "ಫೈಲಿನಲ್ಲಿ ಉಂಟು. ಫೈಲು ಬೀರುವಿನಲ್ಲಿ ಉಂಟು," ಎಂದರು. ಕೀಲಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅವರು ಆ ಹೆಂಗಸನ್ನು 'ಬಾಯಿ' ಎನ್ನುತ್ತಿದ್ದರು. ಮರಾಠಿಯಲ್ಲಿ ಟೀಚರಿಗೆ ಹೇಳುವ ಹಾಗೆ.

ಕೆಲಸ 2010ರ ಜನವರಿಯಲ್ಲಿ ಶುರುವಾಯಿತು. ಮಳೆಗಾಲದ ತೇವದಲ್ಲಿ ಬಿಲ್ಲೆಯ ಮೇಲೆ ಕ್ಷಣದಲ್ಲಿ ಬಿಳಿ ಮಂಜು ಕೂರುತ್ತದೆ, ಅದಕ್ಕೇ ಚಳಿಗಾಲ. ಜೊತೆಗಿದ್ದವನು ಹಾಲ್‌ನ ಅಟೆಂಡರ್ ಶರಣಪ್ಪ. ವಿಜಯಪುರ ಜಿಲ್ಲೆಯವನು, ತುರ್ಭೆಯಲ್ಲಿ ಹಮಾಲಿ ಮಾಡಿಕೊಂಡಿದ್ದು ಆಮೇಲೆ ಕಾಲೇಜಿಗೆ ಸೇರಿದವನು. ಶರಣಪ್ಪ ಬಿಲ್ಲೆಯನ್ನು ತಂದು ಗಾಜಿನ ಮೇಲೆ ಇಡುವುದು. ಅವರು ತಣ್ಣಗಿಟ್ಟ ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್‌ನಿಂದ ಗರಗಸದ ಪುಡಿ ಒರೆಸುವುದು. ನಾಲ್ಕು ದೀಪ, ನಾಲ್ಕು ಮೂಲೆಯಿಂದ ಓರೆಯಾಗಿ. ಮೇಲೆ ಸ್ಟ್ಯಾಂಡಿಗೆ ಬಿಗಿದ ಡಿಜಿಟಲ್ ಕ್ಯಾಮೆರಾ. ಒಂದು ಬಿಲ್ಲೆಗೆ ನಾಲ್ಕು ನಿಮಿಷ. ಅಷ್ಟರಲ್ಲಿ ಆಗದಿದ್ದರೆ ಮತ್ತೆ ಫ್ರೀಜರಿಗೆ. ಪ್ರತಿ ಬಿಲ್ಲೆಗೆ ಒಂದು ನಂಬರಿನ ಚೀಟಿ. ಅದನ್ನು ಅವರು ಫೋಟೊದ ಮೂಲೆಯಲ್ಲಿ ಇಡುತ್ತಿರಲಿಲ್ಲ. ಎರಡು ಕಾಲುಗಳ ನಡುವೆ, ಮೇಲೆ ಬಂದಂತೆ ತೋಳು ಮತ್ತು ಸೊಂಟದ ನಡುವಿನ ಸಂದಿಯಲ್ಲಿ ಇಡುತ್ತಿದ್ದರು. ಮೂಲೆಯಲ್ಲಿಟ್ಟರೆ ಯಾರಾದರೂ ಕತ್ತರಿಸಿ ಹಾಕುತ್ತಾರೆ ಎಂಬುದು ಪತ್ರಿಕೆಯ ಅನುಭವ.

ಫೆಬ್ರುವರಿಯಲ್ಲಿ ನಾನು ಒಮ್ಮೆ ಅಲ್ಲಿಗೆ ಹೋದೆ. ಬಿಲ್ಲೆಗಳನ್ನು ತೋರಿಸಲಿಲ್ಲ, ಅದಕ್ಕೆ ಅನುಮತಿ ಬೇಕು. ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ತೊಡೆಯ ಅಡ್ಡಸೀಳು. ಹೊರಗೆ ಚರ್ಮದ ತೆಳು ಗೆರೆ, ಅದರ ಒಳಗೆ ಕೊಬ್ಬಿನ ಹಳದಿ ಪಟ್ಟಿ, ನಡುವೆ ಕಂದುಗೆಂಪು ಮಾಂಸದ ಗುಂಪುಗಳು ಒಂದಕ್ಕೊಂದು ಬಿಳಿ ಗೆರೆ ಎಳೆದುಕೊಂಡು ಕೂತಿದ್ದವು. ಮಧ್ಯದಲ್ಲಿ ಎಲುಬಿನ ಉಂಗುರ. ಅವರು ಚಿತ್ರವನ್ನು ದೊಡ್ಡದು ಮಾಡುತ್ತ ಹೋದರು. ಬಿಳಿ ಗೆರೆಯೊಂದರಲ್ಲಿ ಮೂರು ತೂತು ಕಂಡವು. ಇನ್ನೂ ದೊಡ್ಡದು ಮಾಡಿದರು. ಒಂದು ತೂತಿನ ಗೋಡೆ ದಪ್ಪ, ಇನ್ನೊಂದರದು ತೆಳು. ಮೂರನೆಯದು ತೂತೇ ಅಲ್ಲ, ಸಣ್ಣ ಸಣ್ಣ ಕಾಳುಗಳ ಕಟ್ಟು.

"ಇದು ರಕ್ತ ತರುವುದು, ಇದು ವಾಪಸ್ ಒಯ್ಯುವುದು, ಇದು ನರ," ಎಂದರು. "ನಮ್ಮ ಪೇಪರಿನ ಫೋಟೊ ದೊಡ್ಡದು ಮಾಡಿದ್ರೆ ಕಡೆಗೆ ಸಿಗುದು ಎಂತ? ಚುಕ್ಕಿ. ಇದನ್ನು ದೊಡ್ಡದು ಮಾಡಿದ್ರೆ ಪುನಃ ಮನುಷ್ಯನೇ ಸಿಗುದು."

ಆಗ ಅವರಿಗೆ ಐವತ್ತೆಂಟು. ಐವತ್ತೆಂಟು ವರ್ಷ ಈ ಶರೀರವನ್ನು ಹೊತ್ತುಕೊಂಡು ಲೋಕಲ್ ಹತ್ತಿದ್ದೇನೆ, ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ ಎಂದರು. ತಮ್ಮ ತೊಡೆಯನ್ನು ಒಮ್ಮೆ ಒತ್ತಿ ನೋಡಿಕೊಂಡರು.

ಮುಂದೆ ಹೇಳುವುದು ನಾನು ಕಂಡದ್ದಲ್ಲ. ಅವರು, ಶರಣಪ್ಪ ಮತ್ತು ಪ್ರಾಧ್ಯಾಪಕಿ, ಮೂವರೂ ಬೇರೆ ಬೇರೆ ಸಮಯದಲ್ಲಿ ಹೇಳಿದ್ದು. ಮುಖ್ಯ ಸಂಗತಿಗಳಲ್ಲಿ ಮೂವರ ಮಾತೂ ಒಂದೇ.

ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳನ್ನು ನೋಡುವುದು ಕಾಲಬದಿಯಿಂದ. ಮಲಗಿದವರ ಮಂಚದ ಕಾಲಿನ ಕಡೆ ನಿಂತು ನೋಡಿದಂತೆ. ಆಗ ಮಲಗಿದವರ ಬಲ ನಮ್ಮ ಎಡಕ್ಕೆ ಬರುತ್ತದೆ. ಎಲ್ಲರ ಲಿವರ್ ಇರುವುದು ದೇಹದ ಬಲಕ್ಕೆ. ಹಾಗಾಗಿ ಚಿತ್ರದಲ್ಲಿ ಅದು ಎಡಗಡೆ ಕಾಣಬೇಕು. ಈ ಕಾರಣಕ್ಕೆ ಪ್ರತಿ ಬಿಲ್ಲೆಯ ಕೆಳಮುಖದ, ಅಂದರೆ ಕಾಲಿನ ಕಡೆಯ ಮುಖದ ಫೋಟೊ ತೆಗೆಯಬೇಕೆಂದು ಪ್ರಾಧ್ಯಾಪಕಿ ಹೇಳಿಕೊಟ್ಟಿದ್ದರು. ಪಠ್ಯಪುಸ್ತಕದ ಚಿತ್ರಗಳನ್ನು ನಕಲು ಮಾಡಿ ಅವರು ತಮ್ಮ ಕ್ಯಾಮೆರಾದ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದರು.

ಕಾಲು, ತೊಡೆ, ಸೊಂಟ ಮುಗಿಯಿತು. ಅಲ್ಲಿಯವರೆಗೆ ಎಡಬಲ ಹೆಚ್ಚು ಕಡಿಮೆ ಒಂದೇ. ಎಪ್ಪತ್ತಾರನೆಯ ಬಿಲ್ಲೆಯಲ್ಲಿ ಲಿವರ್‌ನ ಕೆಳ ಅಂಚು ಮೊದಲ ಬಾರಿ ಕಾಣಿಸಿತು. ಅದು ನೋಡುವವರ ಬಲಗಡೆ ಇತ್ತು. ಪ್ರಾಧ್ಯಾಪಕಿ ಬೇರೆ ಊರಿಗೆ ಪರೀಕ್ಷಕಿಯಾಗಿ ಐದು ದಿನ ಹೋಗಿದ್ದರು.

ಅವರು ಅಂಚಿನ ಚುಕ್ಕಿ ನೋಡಲಿಲ್ಲ, ಗೋಡೆಯ ಚಿತ್ರ ನೋಡಿದರು. "ಶರಣಪ್ಪ, ಮಗುಚಿ ಇಟ್ಟಿದ್ದಿ," ಎಂದರು.

"ಇಲ್ರೀ ಸರ. ಸರಿನ ಇಟ್ಟೀನಿ."

"ಲಿವರ್ ಎಲ್ಲುಂಟು ನೋಡು. ಪುಸ್ತಕದಲ್ಲಿ ಎಲ್ಲುಂಟು ನೋಡು."

"ಪುಸ್ತಕ ನೋಡಿ ಮಂದಿ ಹುಟ್ಟತಾರೇನ್ರೀ ಸರ?"

ಅವರು ಸಿಟ್ಟಾಗಿ ತಾವೇ ಬಿಲ್ಲೆಯನ್ನು ಮಗುಚಿ ಹಾಕಿದರು. ಲಿವರ್ ಎಡಕ್ಕೆ ಬಂತು. ಫೋಟೊ ತೆಗೆದರು. ಎಪ್ಪತ್ತೇಳು, ಎಪ್ಪತ್ತೆಂಟು, ಹಾಗೆಯೇ ಎಂಬತ್ತು ದಾಟಿ ಎದೆಯ ಭಾಗದವರೆಗೆ ಪ್ರತಿ ಬಿಲ್ಲೆಯನ್ನೂ ಶರಣಪ್ಪ ಒಂದು ರೀತಿ ಇಡುವುದು, ಅವರು ಗೊಣಗುತ್ತ ಮಗುಚುವುದು. ನಾಲ್ಕನೆಯ ದಿನ ಶರಣಪ್ಪ ಮಾತು ಬಿಟ್ಟ. ಬಿಲ್ಲೆ ಇಟ್ಟು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ.

ಐದನೆಯ ದಿನ ಅವರು ಅಲ್ಲಿಯವರೆಗಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೆ ಒಂದು ವೇಗವಾಗಿ ಓಡಿಸಿ ನೋಡಿದರು. ಅಂಚಿನ ಮೂರು ಚುಕ್ಕಿಗಳು ಕಾಲಿನಿಂದ ಸೊಂಟದವರೆಗೆ ಅಲುಗದೆ ನಿಂತಿದ್ದವು. ಎಪ್ಪತ್ತಾರನೆಯದಕ್ಕೆ ಬಂದಾಗ ಎಡಗಡೆ ಇದ್ದ ಎರಡು ಚುಕ್ಕಿ ಬಲಕ್ಕೆ ಹಾರಿದವು. ಹಿಂದಕ್ಕೆ ಹೋದರು, ಚುಕ್ಕಿ ವಾಪಸ್ ಬಂತು. ಮುಂದಕ್ಕೆ ಬಂದರು, ಹಾರಿತು. ಶರಣಪ್ಪ ಹೇಳುವಂತೆ ಅವರು ಇದನ್ನು ಏಳೆಂಟು ಸಲ ಮಾಡಿದರು.

ಆಮೇಲೆ ಎದ್ದು ಶರಣಪ್ಪನ ಬಳಿ ಹೋದರು. "ನೀನು ಇಟ್ಟದ್ದು ಸರಿ. ತಿರುಗಿಸಿದವ ನಾನು. ಬಾಯಿಯ ಒಳಗೇ ಎಲ್ಲ ಆಚೆ ಈಚೆ ಉಂಟು."

"ಈಗ ಗೊತ್ತಾತೇನ್ರೀ?" ಎಂದ ಶರಣಪ್ಪ. ಗೋಡೆಯಿಂದ ಈ ಕಡೆ ತಿರುಗಿ, "ಚಾ ತರ್ಲೇನ್ರೀ ಸರ?"

ಪ್ರಾಧ್ಯಾಪಕಿ ಮರುದಿನ ಬಂದರು. ಅವರು ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: ತಪ್ಪು ನನ್ನದು, ಇಂಥ ನಂಬರಿನಿಂದ ಇಂಥ ನಂಬರಿನವರೆಗೆ. ಮೊದಲೂ ಒಮ್ಮೆ ಹೀಗೆ ಮಾಡಿದ್ದೇನೆ ಎಂದೂ ಸೇರಿಸಿದರು. ಅದು ನನಗೂ ನೆನಪಿದೆ. ಮಹಿಳಾ ಮಂಡಳವೊಂದರ ಫೋಟೊದಲ್ಲಿ ಅಧ್ಯಕ್ಷೆಯ ಸೆರಗು ಬಲ ಹೆಗಲಿಗೆ ಇತ್ತು. ನೆಗೆಟಿವ್ ತಿರುಗಿದೆ ಎಂದುಕೊಂಡು ಅವರು ಮಗುಚಿ ಹಾಕಿದರು. ಆಕೆ ಗುಜರಾತಿ; ಅವರಲ್ಲಿ ಸೆರಗು ಹೊದೆಯುವುದೇ ಬಲಕ್ಕೆ. ಮರುದಿನ ತಿದ್ದುಪಡಿ ಹಾಕಬೇಕಾಯಿತು.

ಪ್ರಾಧ್ಯಾಪಕಿ ಫ್ರೀಜರಿನಿಂದ ಬಿಲ್ಲೆಗಳ ಟ್ರೇ ತೆಗೆಸಿ ನೋಡಿದರು. ಲಿವರ್ ದೇಹದ ಎಡಕ್ಕೆ, ಹೊಟ್ಟೆಚೀಲ ಬಲಕ್ಕೆ, ಹೃದಯದ ತುದಿ ಬಲಕ್ಕೆ. ಹುಟ್ಟಿನಿಂದಲೇ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುವ ದೇಹಗಳು ಉಂಟು, ಬಹಳ ಅಪರೂಪ. ಪ್ರಾಧ್ಯಾಪಕಿ ಪುಸ್ತಕದಲ್ಲಿ ಓದಿದ್ದರು, ಕಂಡಿರಲಿಲ್ಲ.

ಫೈಲು ತೆಗೆದರು. ದೇಹದಾನದ ಫಾರ್ಮಿನಲ್ಲಿ ಹೆಸರು, ವಯಸ್ಸು, ಸಾ‌ಕ್ಷಿಗಳ ಸಹಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಆ ಫಾರ್ಮನ್ನು ಕೈಗೆ ತೆಗೆದುಕೊಂಡು, ಅಭ್ಯಾಸದಂತೆ, ಕಿಟಕಿಯ ಬೆಳಕಿಗೆ ಹಿಡಿದರು. ಹಿಂದಿನಿಂದ ಬೇರೆ ಅಕ್ಷರ ಕಂಡಿತು. ಎರಡನೆಯ ಹಾಳೆಯೊಂದನ್ನು ಬೆನ್ನಿಗೆ ಬೆನ್ನು ಹಚ್ಚಿ ನಾಲ್ಕೂ ಮೂಲೆಗೆ ಪಿನ್ನು ಹೊಡೆದಿದ್ದರು. ಕೈಬರಹದ ಮರಾಠಿ. ಅದರ ಸಾರ ಇಷ್ಟು: ಮೂವತ್ತನೆಯ ವಯಸ್ಸಿನಲ್ಲಿ ನನ್ನ ಎಕ್ಸ್‌ರೇ ತೆಗೆದ ಡಾಕ್ಟರು ಫಿಲ್ಮನ್ನು ಮೂರು ಸಲ ತಿರುಗಿಸಿ ನೋಡಿದರು. ನನ್ನ ಹೃದಯ ಬಲಕ್ಕಿದೆ, ಉಳಿದದ್ದೂ ಹಾಗೆಯೇ. ಅದರಿಂದ ನನಗೆ ಯಾವ ತೊಂದರೆಯೂ ಆಗಿಲ್ಲ, ಡಾಕ್ಟರುಗಳು ಗಾಬರಿಯಾದದ್ದು ಬಿಟ್ಟು. ಮುಂದಿನವರು ಗಾಬರಿಯಾಗದಿರಲಿ ಎಂದು ಈ ದೇಹ ಕೊಡುತ್ತಿದ್ದೇನೆ. ಕಲಿಯುವ ಮಕ್ಕಳಿಗೆ ತೋರಿಸಿ.

"ಓದಬೇಕಾದವಳು ನಾನು. ಓದಿರಲಿಲ್ಲ," ಎಂದರು ಪ್ರಾಧ್ಯಾಪಕಿ ನನ್ನೊಡನೆ.

ಎಪ್ಪತ್ತಾರರಿಂದ ಮುಂದಿನ ಬಿಲ್ಲೆಗಳ ಕೆಳಮುಖದ ಫೋಟೊಗಳನ್ನು ಮತ್ತೆ ತೆಗೆಯಲು ಮೂರು ದಿನ ಹಿಡಿಯಿತು. ಕೆಲವು ಬಿಲ್ಲೆಗಳ ಅಂಚು ಒಣಗಿತ್ತು. ಉಳಿದ ಭಾಗವನ್ನೂ ಮುಗಿಸಿದರು. ಬಿಲ್ಲೆಗೊಂದರಂತೆ ಅಚ್ಚು ಹಾಕಿದ ಒಟ್ಟು ನೂರಿಪ್ಪತ್ತೇಳು ಫೋಟೊ ಫಲಕಗಳು.

ಮಾರ್ಚ್‌ನ ಕೊನೆಗೆ ಕಾಲೇಜಿನ ತಪಾಸಣೆ ಇತ್ತು; ಅಂದು ಫಲಕಗಳನ್ನು ಗೋಡೆಗೆ ಹಾಕುವುದೆಂದಿತ್ತು. ಡೀನ್ ಅವರಿಗೆ ಫಲಕಗಳು ಬಹಳ ಇಷ್ಟವಾದವು. ಡೀನ್ ಪ್ರಾಧ್ಯಾಪಕಿಯನ್ನೂ ಅವರನ್ನೂ ಕರೆಸಿ ಒಂದು ಬದಲಾವಣೆ ಹೇಳಿದರು. ಮೊದಲ ವರ್ಷದ ವಿದ್ಯಾರ್ಥಿ ಮೊದಲು ನೋಡಬೇಕಾದದ್ದು ಎಲ್ಲರಂತಿರುವ ದೇಹ. ಇನ್ನೊಂದು ದೇಹ ಯಾವಾಗ ಬರುತ್ತದೋ ಗೊತ್ತಿಲ್ಲ. ಫ್ರೀಜರ್ ಬೇರೆ ಕಡೆಯಿಂದ ಎರವಲು ತಂದದ್ದು, ವಾಪಸ್ ಕೊಡಬೇಕು. ಈ ದೇಹದಲ್ಲಿ ಎಲ್ಲವೂ ಪೂರ್ತಿ ಅದಲುಬದಲು ಇರುವುದರಿಂದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿರುಗಿಸಿದರೆ ಎಲ್ಲರ ದೇಹದಂತೆಯೇ ಕಾಣುತ್ತದೆ. ಇದು ವಾಸ್ತವವಾಗಿ ನಿಜ, ಪ್ರಾಧ್ಯಾಪಕಿಯೂ ಒಪ್ಪುತ್ತಾರೆ. ತಿರುಗಿಸಿದ ಚಿತ್ರವನ್ನು ಯಾವ ತಪಾಸಕನೂ ಕಂಡುಹಿಡಿಯಲಾರ.

"ಮಿರರ್ ಕರ್ ದೀಜಿಯೆ. ಏಕ್ ಕ್ಲಿಕ್ ಕಾ ಕಾಮ್ ಹೈ," ಎಂದರಂತೆ ಡೀನ್.

"ಸಾಬ್, ನಂಬರ್ ಕೀ ಚಿಟ್ಠಿ ಭೀ ಉಲ್ಟೀ ಹೋ ಜಾಯೇಗೀ," ಎಂದರು ಅವರು. ನಂಬರಿನ ಚೀಟಿಯೂ ತಿರುಗುತ್ತದೆ ಎಂದು.

"ತೋ ಚಿಟ್ಠಿ ಮಿಟಾ ದೀಜಿಯೆ." ಚೀಟಿಯನ್ನೇ ಅಳಿಸಿಬಿಡಿ ಎಂದು.

ಅವರು ಪ್ರಾಧ್ಯಾಪಕಿಯ ಕಡೆ ತಿರುಗಿ, ಹಿಂದಿ ಸಾಲದೆ, ಕನ್ನಡದಲ್ಲಿ ಹೇಳಿದರು: "ಮೇಡಂ, ಸಾಹೇಬ್ರಿಗೆ ನೀವು ಹೇಳಿ. ಈಗ ಇದು ಬಾಯಿಯ ದೇಹ. ತಿರುಗಿಸಿದ್ರೆ ಇದು ಯಾರ ದೇಹವೂ ಅಲ್ಲ. ಹಾಗಿದ್ದವರು ಯಾರೂ ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಕೆಳಗೆ ಎಂತ ಅಂತ ಬರೆಯುದು?"

ಪ್ರಾಧ್ಯಾಪಕಿ ಅನುವಾದಿಸಿದರು. ಎರಡನೆಯ ಹಾಳೆಯನ್ನೂ ಮೇಜಿನ ಮೇಲೆ ಇಟ್ಟರು. ಡೀನ್ ಅದನ್ನು ಓದಿದರು. ಇದು ದಾನಿಯ ವಿನಂತಿ, ಷರತ್ತಲ್ಲ ಎಂದರು. ಅದೂ ಸರಿಯೇ.

"ಆಪ್ ನಹೀ ಕರೇಂಗೆ?"

"ನಹೀ ಸಾಬ್. ಮೇರೇ ಸೆ ನಹೀ ಹೋಗಾ."

ಡೀನ್ ಧ್ವನಿ ಏರಿಸಲಿಲ್ಲ. ಹೊರಗಿನವರಿಂದ ಮಾಡಿಸುತ್ತೇನೆ, ಚಿತ್ರಗಳಿರುವ ಡಿಸ್ಕ್ ಕಳಿಸಿ ಎಂದು ಪ್ರಾಧ್ಯಾಪಕಿಗೆ ಹೇಳಿದರು. ಪ್ರಾಧ್ಯಾಪಕಿ ಮೂರು ವಾರ ಡಿಸ್ಕ್ ಕಳಿಸಲಿಲ್ಲ. ಆಮೇಲೆ ಒಂದು ಟಿಪ್ಪಣಿ ಬರೆದರು: ಫಲಕಗಳು ಇರುವಂತೆಯೇ ಇದ್ದರೆ ಮಾತ್ರ ವಿಭಾಗದ ಸಹಿ ಇರುತ್ತದೆ. ತಪಾಸಣೆಯ ದಿನ ಗೋಡೆಯ ಮೇಲೆ ಅಂಗಡಿಯಿಂದ ಕೊಂಡ ಚಾರ್ಟುಗಳಿದ್ದವು. ಫಲಕಗಳು ಬೀರುವಿನಲ್ಲಿದ್ದವು. ಆ ಏಪ್ರಿಲ್‌ನಲ್ಲಿ ಅವರ ಗುತ್ತಿಗೆ ನವೀಕರಣವಾಗಲಿಲ್ಲ. ಕಾಗದದಲ್ಲಿ ಕೊಟ್ಟ ಕಾರಣ, ಯೋಜನೆ ಮುಗಿದಿದೆ ಎಂಬುದು. ಬೇರೆ ಕಾರಣ ಇತ್ತು ಎಂದು ಹೇಳುವ ದಾಖಲೆ ಇಲ್ಲ.

ನಾನು ಸುದ್ದಿ ಮಾಡುತ್ತೇನೆ ಎಂದೆ. ಅವರು ಬೇಡ ಎಂದರು. "ಮಾಡಿದ್ರೆ ಮೇಡಮ್ಮಿನ ನೌಕರಿ ಹೋಗ್ತದೆ. ಬೀರುವಿನ ಕೀಲಿ ಅವರ ಹತ್ರ ಉಂಟು. ಅವರು ಅಲ್ಲಿರಬೇಕು."

ಆಮೇಲೆ ಅವರು ಡೊಂಬಿವಲಿ ಸ್ಟೇಷನ್ನಿನ ಬಳಿ ಫೋಟೊ ಸ್ಟುಡಿಯೋ ಒಂದರಲ್ಲಿ ಹಳೆಯ ಮದುವೆಯ ಫೋಟೊಗಳನ್ನು ಸ್ಕ್ಯಾನ್ ಮಾಡುವ ಕೆಲಸ ಹಿಡಿದರು. ನಾನು ಹೋದಾಗಲೆಲ್ಲ ಅವರಲ್ಲಿ ಒಂದು ಹೊಸ ಪ್ರಶ್ನೆ ಇರುತ್ತಿತ್ತು, ಬಾಯಿಯ ಬಗ್ಗೆ. ಅವರು ಯಾವ ಮಗ್ಗುಲಿಗೆ ಮಲಗುತ್ತಿದ್ದಿರಬೇಕು? ಹೊಟ್ಟೆನೋವು ಬಂದಾಗ ಡಾಕ್ಟರು ಎಲ್ಲಿ ಒತ್ತಿ ನೋಡಿದ್ದಿರಬೇಕು? ಅಪೆಂಡಿಕ್ಸ್ ಎಡಕ್ಕಿದ್ದರೆ ಯಾರಿಗೆ ಹೊಳೆಯುತ್ತದೆ? ಟೆಲಿಫೋನ್ ಆಪರೇಟರುಗಳು ಹೆಡ್‌ಫೋನನ್ನು ಯಾವ ಕಿವಿಗೆ ಹಾಕುತ್ತಾರೆ ಎಂದು ತಿಳಿಯಲು ನಿವೃತ್ತ ಆಪರೇಟರ್ ಒಬ್ಬರನ್ನು ಹುಡುಕಿಕೊಂಡು ಕಲ್ಯಾಣಕ್ಕೂ ಹೋಗಿದ್ದರು. ಅದಕ್ಕೂ ಹೃದಯಕ್ಕೂ ಸಂಬಂಧವಿಲ್ಲ ಎಂದು ಆ ಆಪರೇಟರ್ ಹೇಳಿ ಕಳಿಸಿದರು.

"ಫಲಕ ಯಾರಾದರೂ ನೋಡಿದ್ರಾ?" ಎಂದು ನಾನು ಕೇಳುತ್ತಿದ್ದೆ.

"ಬೀರುವಿನಲ್ಲಿ ಉಂಟು."

2017ರವರೆಗೆ ಉತ್ತರ ಅದೇ ಇತ್ತು.

ಡೀನ್ 2018ರಲ್ಲಿ ನಿವೃತ್ತರಾದರು. ಪ್ರಾಧ್ಯಾಪಕಿ ಈಗ ವಿಭಾಗದ ಮುಖ್ಯಸ್ಥೆ. ಶರಣಪ್ಪ ಅದೇ ಹಾಲ್‌ನಲ್ಲಿದ್ದಾನೆ. 2019ರ ಆಗಸ್ಟ್‌ನಲ್ಲಿ ನಡೆದ ಮೊದಲ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಗುರುತಿಸಿ ಬರೆಯುವ ಪ್ರಶ್ನೆಯಾಗಿ ಎಪ್ಪತ್ತಾರನೆಯ ಫಲಕವನ್ನು ಮೇಜಿನ ಮೇಲೆ ಇಟ್ಟಿದ್ದರು. ವಿದ್ಯಾರ್ಥಿಗಳು ಅದನ್ನು ನೋಡುತ್ತಿದ್ದುದು ಅದೇ ಮೊದಲು. ಬಹುಪಾಲು ಮಂದಿ, ಫೋಟೊ ತಿರುಗಿ ಅಚ್ಚಾಗಿದೆ ಎಂದು ಬರೆದರು. ಒಬ್ಬ ವಿದ್ಯಾರ್ಥಿನಿ, ಸಂದಿಯ ಚೀಟಿಯಲ್ಲಿ ನಂಬರ್ ನೇರವಾಗಿದೆ, ಫೋಟೊ ಸರಿಯಿದೆ, ಈ ವ್ಯಕ್ತಿಯೇ ಹೀಗಿದ್ದರು ಎಂದು ಬರೆದಳು. ಅವಳಿಗೆ ಪೂರ್ಣ ಅಂಕ ಬಂದಿದೆ.